ಓಟದ ಹೋರಿಗೆ ಚಕ್ಕಡಿ: ಒಂದು ಕರ್ಷಣಮೀಮಾಂಸೆ

ಎಳೆಯುವುದೊಂದು, ಎಳೆಸಿಕೊಳ್ಳುವುದೊಂದು, ನಡುವೆ ಕೊಕ್ಕೆಯೊಂದು ಎಂಬ, ಹಿರೇಕೆರೂರಿನ ಯಾವ ದನಗಾಹಿ ಹುಡುಗನೂ ಬಲ್ಲ ಸಂಗತಿಯನ್ನು ‘ಕರ್ಷಕ-ಕರ್ಷಿತ-ಸಂಯೋಜಕ ತ್ರಿಪುಟಿ’ ಎಂದು ಕರೆದ ಹೊರತು ಅದು ಜ್ಞಾನವೆನಿಸಲಾರದೆಂಬುದನ್ನು, ಗ್ರಾಮೀಣ ಸಂಸ್ಕೃತಿಯ ವಿಚಾರಸಂಕಿರಣವೊಂದರಲ್ಲಿ ಎರಡು ಗಂಟೆ ಕುಳಿತು ಮನಗಂಡ ಮೇಲೆ, ಈ ಪ್ರಬಂಧವನ್ನು ರಚಿಸುವ ಧೈರ್ಯ ನನಗುಂಟಾಯಿತು. ‘ಕೃಷ್’ ಎಂಬ ಒಂದೇ ಧಾತುವಿನಿಂದ ಕೃಷಿಯೂ ಆಕರ್ಷಣೆಯೂ ಹುಟ್ಟಿರುವುದರಿಂದ ಉಳುವವನು ಎಳೆಯುವವನೇ ಸರಿ. ಎಳೆಸಿಕೊಳ್ಳುವವನೂ ಅವನೇ ಎಂಬುದನ್ನು ಮಾತ್ರ ವೈಯಾಕರಣರು ಹೇಳದೆ ಬಿಟ್ಟಿದ್ದಾರೆ.

ಕ್ರೀಡಾರ್ಥವಾದ ವಾಹನಕ್ಕೆ ಹೊರೆ ಕಟ್ಟಬಹುದೆ ಎಂಬುದು ಇಲ್ಲಿನ ಮೂಲಪ್ರಶ್ನೆ. ಆಂಗ್ಲದೇಶದಲ್ಲಿ 1961ರಲ್ಲಿ ಹೊರಬಂದ, 948 ಸಿ.ಸಿ. ಎಂಜಿನ್ನಿನ ಎಂ.ಜಿ. ಮಿಡ್ಜೆಟ್ ಎಂಬ ಇಬ್ಬರೇ ಕೂರುವ ಪುಟ್ಟ ಕಾರಿನ ಬೆನ್ನಿಗೂ ಟ್ರೇಲರ್ ಕಟ್ಟುವ ರಸಿಕರುಂಟು. ನಮ್ಮ ಸೀಮೆಯಲ್ಲಿ ಆ ಪದವಿ ಕೊಬ್ಬರಿ ಹೋರಿಯದು. ದೀಪಾವಳಿಯ ತರುವಾಯ, ಕೊಬ್ಬರಿಯ ಸರ, ಬಲೂನು, ಜೂಲಗಳನ್ನು ಧರಿಸಿ, ಜನಸಂದಣಿಯ ನಡುವೆ ಕೊರಳ ಕೊಬ್ಬರಿಯನ್ನು ಹರಿಯಗೊಡದೆ ಪಾರಾಗುವುದೇ ಅದರ ಪರಮಪುರುಷಾರ್ಥ. ಅದಕ್ಕೆ ನೊಗ ಹೂಡಬಾರದೆಂಬುದು ಪೂರ್ವಪಕ್ಷ. ಇತಿಹಾಸವಾದರೋ ಬೇರೆಯದನ್ನೇ ಹೇಳುತ್ತದೆ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯ, ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಎಂದಾದ ದನಗಳು, ವೇಗಕ್ಕೆ ಹೆಸರಾಗಿದ್ದುಕೊಂಡೇ ಫಿರಂಗಿಗಳನ್ನು ಎಳೆದುವು. ಚಿದಂಬರದ ನೆರವಿಗೆ ಹೈದರನ ಸೇನೆ ಎರಡೂವರೆ ದಿನಗಳಲ್ಲಿ 100 ಮೈಲಿ ಸಾಗಿದುದು ಈ ದನಗಳ ಬಲದಿಂದಲೇ ಎಂದು ಪ್ರತೀತಿ.

ಕರ್ಷಕಗಳು ಸಪ್ತವಿಧ. ಸ್ವಯಂಪ್ರೇರಿತ, ಬಾರುಕೋಲುಪ್ರೇರಿತ, ಏರಿನಲ್ಲಿ ವಿರಕ್ತಿ ಹೊಂದುವಂಥವು. ನಾಲ್ಕನೆಯದು… ಇರಲಿ, ನಾಲ್ಕನೆಯದರ ಹೊತ್ತಿಗೆ ಆ ಸಭೆಗೂ ಅಡುಗೆಯ ವಾಸನೆ ಬಂದಿತ್ತು.

ಭಾರಸಾಮ್ಯದ ವಿಚಾರವನ್ನು ಮಾತ್ರ ಬಿಡಲಾರೆ. ವಿದ್ವಾಂಸರು ಅದಕ್ಕಾಗಿ ಪರದೆಯ ಮೇಲೆ ಬಾಣದ ಗುರುತುಗಳ ಚಿತ್ರವೊಂದನ್ನು ಮೂಡಿಸಿದರು. ನಮ್ಮ ಮನೆಯ ಚಕ್ಕಡಿ ಹೂಡುತ್ತಿದ್ದ ಮುದುಕ, ಹೇರು ಮುಗಿದ ಮೇಲೆ ಮೂಕಿಯನ್ನು ಒಂದು ಕೈಯಿಂದ ಎತ್ತಿ ನೋಡಿ, “ತಮ್ಮಾ, ಮುಂಭಾರ ಆಗೇತಿ, ಎರಡು ಚೀಲ ಹಿಂದಕ್ಕ ಸರಸು” ಎನ್ನುತ್ತಿದ್ದ. ಮುಂಭಾರವಾದರೆ ನೊಗವು ಹೆಗಲನ್ನು ಜಜ್ಜುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಉಸಿರು ಕಟ್ಟಿಸುತ್ತದೆ. ಮಿಡ್ಜೆಟ್ಟಿನ ಬೆನ್ನಿಗಿರುವ ಟ್ರೇಲರೂ ಹಿಂಭಾರವಾದರೆ ಬಾಲದಂತೆ ಅತ್ತಿತ್ತ ಬೀಸಿ ಕಾರನ್ನೇ ದಾರಿ ತಪ್ಪಿಸುತ್ತದೆ. ಇಷ್ಟನ್ನೂ ತನ್ನ ಅಂಗೈಯಲ್ಲಿ ತೂಗಬಲ್ಲವನಾಗಿದ್ದ ಆ ಮುದುಕನ ಕುಲದವನೊಬ್ಬನನ್ನಾದರೂ ಆ ವೇದಿಕೆಗೆ ಕರೆಯಬಾರದಿತ್ತೆ? ಕರೆದಿದ್ದರು, ಚಕ್ಕಡಿಯನ್ನು ಸಿಂಗರಿಸಿ, ಅತಿಥಿಗಳನ್ನು ಕೂರಿಸಿಕೊಂಡು ಸಭಾಂಗಣದ ಬಾಗಿಲವರೆಗೆ ಹೊಡೆದುಕೊಂಡು ಬರಲಿಕ್ಕೆ. ಆಮೇಲೆ ಅವನನ್ನು ಒಳಗೆ ಬಾ ಎಂದವರಿಲ್ಲ. ಒಳಗೆ ಅವನ ವಿದ್ಯೆಗೆ ನಾಮಕರಣ ನಡೆಯುತ್ತಿದ್ದಾಗ ಅವನು ಹೊರಗೆ ಬೇವಿನ ನೆರಳಿನಲ್ಲಿ ಎತ್ತುಗಳಿಗೆ ಮೇವು ಹಾಕುತ್ತಿದ್ದ. ನನಗೆ ಸಿಟ್ಟು ಬಂದಿತು, ಈಗಲೂ ಇಳಿದಿಲ್ಲ.

ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಜಲ್ಲಿಕಟ್ಟನ್ನೂ ಬಂಡಿಯೋಟವನ್ನೂ ನಿಷೇಧಿಸಿದಾಗಲೂ, ಓಟಗಳಿಗೆ ಎಡೆಗೊಟ್ಟ ಕರ್ನಾಟಕದ 2017ರ ತಿದ್ದುಪಡಿಯನ್ನು 2023ರಲ್ಲಿ ಎತ್ತಿಹಿಡಿದಾಗಲೂ, ಹೋರಿಯ ಪರವಾಗಿ ವಿರೋಧವಾಗಿ ಕೇಳಿಬಂದ ಮಾತಿಗೆ ಲೆಕ್ಕವಿಲ್ಲ. ಹೇರೆಳೆದು ಸವೆದ ಎತ್ತು ಯಾವಾಗ ಸಂತೆಗೆ ಹೋಯಿತು, ಅದರ ಬದಲಿಗೆ ಬಂದ ಟ್ರ್ಯಾಕ್ಟರಿನ ಕಂತು ಯಾರ ಕೊರಳ ಹಗ್ಗವಾಯಿತು ಎಂದು ಕೇಳಿದವರನ್ನು ನಾನು ಕಾಣೆ. ಚಕ್ಕಡಿಯ ಗಾಲಿಗಳು ಹೆದ್ದಾರಿಯ ಹೋಟೆಲುಗಳ ಬಾಗಿಲಲ್ಲಿ ಬಣ್ಣ ಬಳಿಸಿಕೊಂಡು ನಿಂತಿವೆ.

ಕಳೆದ ಹಬ್ಬದಲ್ಲಿ ಹೋರಿಯೊಂದು ಟ್ರೇಲರಿನಿಂದ ಇಳಿಯುವುದನ್ನು ಕಂಡೆ. ಎಳೆಯಬೇಕಾದುದನ್ನೇ ಹೇರಿ ತಂದಿದ್ದರು. ಹತ್ತಿರ ಹೋಗಿ, ಹಳೆಯ ರೂಢಿಯಂತೆ, ಹೆಗಲ ಮೇಲೆ ಕೈಯಾಡಿಸಿದೆನು. ಜಡ್ಡಿರಲಿಲ್ಲ, ರೇಷ್ಮೆಯಂತಿತ್ತು.