ಸೇರಿಗೆ ಸವ್ವಾಸೇರು

ಶಿರೂರಿನಂಥ ಜೋಳದ ಊರಲ್ಲಿ ಅನ್ನಕ್ಕೆ ಸರದಿ ಬರುವುದೇ ಕೊನೆಗೆ. ಮೊದಲು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಆಮೇಲೂ ಹೊಟ್ಟೆಯಲ್ಲಿ ಜಾಗ ಉಳಿದಿದ್ದರೆ ಒಂದಿಷ್ಟು ಅನ್ನ, ಮೇಲೆ ಸಾರು. ಇಷ್ಟಕ್ಕೂ ಗ್ರಾಂ ಲೆಕ್ಕ ಕೇಳುವವರು ಯಾರು ಅಂತೀರಾ? ನಮ್ಮ ಚಿಗವ್ವನ ಸೊಸಿ. ಬೆಂಗಳೂರಿನಿಂದ ಬರುವಾಗ ಅಂಗೈ ಅಗಲದ ಡಿಜಿಟಲ್ ತಕ್ಕಡಿ ಹೊತ್ತುಕೊಂಡೇ ಬಂದಿದ್ದಳು.

"ಅತ್ತಿ, ಎಂಟು ಮಂದಿ ಬೀಗರಿಗೆ ಎಷ್ಟು ಗ್ರಾಂ ಅಕ್ಕಿ ಹಾಕ್ಲಿರೀ?"

"ಒಂದ ಅಚ್ಚೇರ ಹಾಕವ್ವ."

"ಅಚ್ಚೇರ ಅಂದ್ರ ಎಷ್ಟರೀ?"

"ಎರಡು ಪಾವಸೇರ."

"ಪಾವಸೇರ ಅಂದ್ರ?"

"ನಾಕು ಚಟಾಕ. ಹೊಸ್ತಿಲ ಮ್ಯಾಲಿನ ಸೇರು ಒದ್ದು ಮನಿಯೊಳಗ ಬಂದಾಕಿ ನೀನು. ಒದಿಯೂ ಮುಂದನ ತೂಗಿ ನೋಡಬೇಕಿತ್ತಿಲ್ಲೋ?"

ಸೊಸಿಯದೂ ತಪ್ಪಿಲ್ಲ. ಈ ಸೇರು ಅನ್ನುವ ಮಹಾಶಯನಿಗೆ ಎರಡು ವೇಷ. ತಕ್ಕಡಿ ಏರಿದರೆ 80 ತೊಲೆ, ಅಂದರೆ ಸುಮಾರು 933 ಗ್ರಾಂ. ಅಡುಗೆಮನೆಗೆ ಬಂದರೆ ತೂಕದ ಮಾತೇ ಇಲ್ಲ, ಬರೀ ಗಾತ್ರ, ಅದೂ ಊರಿಗೊಂದು. ಸರ್ಕಾರ 1956ರಲ್ಲಿ ಕಾಯ್ದೆ ತಂದು, ಮುಂದಿನ ಕೆಲವೇ ವರ್ಷಗಳಲ್ಲಿ ಅಂಗಡಿಯ ಸೇರನ್ನು ಓಡಿಸಿ ಕಿಲೋ ಕೂರಿಸಿತು. ಅಳತೆಯ ಸೇರು ಮಾತ್ರ ಕಾಯ್ದೆಗೆ ಕ್ಯಾರೇ ಅನ್ನದೆ ಅಕ್ಕಿ ಡಬ್ಬಿಯೊಳಗೆ ಬೆಚ್ಚಗೆ ಕೂತಿದೆ. ಚುರುಮುರಿಯವನೂ ಅದನ್ನು ಬಿಟ್ಟಿಲ್ಲ. ಯಾಕೆ ಬಿಟ್ಟಾನು? ಒಂದು ಲೀಟರ್ ಡಬ್ಬಿಗೆ ಅಕ್ಕಿ ತುಂಬಿದರೆ 800ರಿಂದ 850 ಗ್ರಾಂ ತೂಗುತ್ತದೆ. ಅದೇ ಡಬ್ಬಿಯ ಚುರುಮುರಿ 100 ಗ್ರಾಂ ದಾಟುವುದೂ ಕಷ್ಟ. ಹುಟ್ಟಿದ್ದು ಒಂದೇ ಭತ್ತದಲ್ಲಿ!

ಹಾಗಂತ ಪೇಟೆಯ ಅಡುಗೆಮನೆಯಲ್ಲಿ ಸೇರಿನ ಜಾಗಕ್ಕೆ ಬಂದ ಕಪ್ಪೇನು ಸಾಚಾ ಅಂದುಕೊಳ್ಳಬೇಡಿ. ಅಡುಗೆ ಪುಸ್ತಕದ ಕಪ್ಪು 240 ಮಿಲಿ, ಸುಮಾರು 200 ಗ್ರಾಂ ಅಕ್ಕಿ ಹಿಡಿಯುತ್ತದೆ. ಕರೆಂಟಿನ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ಪು ಜಪಾನಿನ ಅಳತೆಯದು, 180 ಮಿಲಿ. ಅದರಲ್ಲಿ 150 ಗ್ರಾಂ ಹಿಡಿದರೆ ಹೆಚ್ಚು. ಪುಸ್ತಕ ಓದಿ ಈ ಕಪ್ಪಿನಲ್ಲಿ ನಾಲ್ಕು ಅಳೆದರೆ ಒಂದು ಕಪ್ಪು ಅಕ್ಕಿ ಗುಳುಂ. ಬೀಗರು ಎರಡನೇ ಸಲ ಅನ್ನ ಕೇಳಿದಾಗ ಗೊತ್ತಾಗುತ್ತದೆ ಜಪಾನು ಎಷ್ಟು ದೂರ ಅಂತ.

ನಿಜವಾದ ಪಂಚಾಯ್ತಿ ನೀರಿನದು. ಒಂದಕ್ಕೆರಡು ನೀರು ಅಂತ ಚಿಗವ್ವ ಹೇಳಿದ್ದೇ ತಡ, ಸೊಸಿ ಅರ್ಧ ಕಿಲೋ ಅಕ್ಕಿ ತೂಗಿದಳು, ಒಂದು ಕಿಲೋ ನೀರನ್ನೂ ತೂಗಿದಳು! ಅರ್ಧ ಕಿಲೋ ಅಕ್ಕಿ ಪಾತ್ರೆಯಲ್ಲಿ ಸುಮಾರು 600 ಮಿಲಿ ಜಾಗ ಹಿಡಿಯುತ್ತದೆ. ಅಳತೆ ಪ್ರಕಾರ ನೀರು 1200 ಮಿಲಿ ಬೇಕು. 200 ಮಿಲಿ ಖೋತಾ. ಅನ್ನ ಗಂಗಾಳದಲ್ಲಿ ಬಿದ್ದಾಗ ಟಣ್ ಅಂತು. ಮಾವನವರು ಪಾಪ, ಹಲ್ಲಿನ ಸೆಟ್ಟಿಗೆ ಅಂಜಿ ಇನ್ನೊಂದು ರೊಟ್ಟಿ ಕೇಳಿದರು. ಚಿಗವ್ವನಿಗೆ ಈ ಗಣಿತ ಬರುವುದಿಲ್ಲ, ಬೇಕಾಗಿಯೂ ಇಲ್ಲ. ಅಕ್ಕಿ ಅಳೆದ ವಾಟಗದಲ್ಲೇ ನೀರನ್ನೂ ಅಳೆಯುವವಳಿಗೆ ವಾಟಗ ಎಷ್ಟು ದೊಡ್ಡದಿದ್ದರೇನು? ಹಳೆ ಅಕ್ಕಿಯಾದರೆ ಮೇಲೊಂದು ತುಸು, ಹೊಸ ಅಕ್ಕಿಯಾದರೆ ತುಸು ಕಡಿಮೆ. ಅದನ್ನು ಯಾವ ತಕ್ಕಡಿ ಹೇಳೀತು?

ಸೊಸಿ ಬೆಂಗಳೂರಿಗೆ ಹೊರಟಾಗ ತಕ್ಕಡಿಯನ್ನು ಇಲ್ಲೇ ಬಿಟ್ಟಳು. ಚಿಗವ್ವ ಅದನ್ನು ಸಂತೆಯ ದಿನ ಮಾತ್ರ ಹೊರಗೆ ತೆಗೆಯುತ್ತಾಳೆ. ಕಾಲು ಕಿಲೋ ಅಂತ ಕೊಟ್ಟ ಬಳ್ಳೊಳ್ಳಿ 230 ತೋರಿಸಿತೋ, ಮಾರಿದವನ ಏಳು ತಲೆಮಾರು ತಕ್ಕಡಿ ಏರುತ್ತದೆ.