ಮಿರಜ-ಸಾಂಗಲಿ ಪ್ರಾಂತೀಯ ಪರಿಮಾಣ ಮೀಮಾಂಸೆ

ಮಿರಜವು ಪರದೇಶವೆಂತಾದೀತೆಂಬ ಪೂರ್ವಪಕ್ಷವನ್ನು ಮೊದಲು ಪರಿಹರಿಸತಕ್ಕದ್ದು. 1956ರ ನವೆಂಬರ್ 1ರವರೆಗೆ ಬೆಳಗಾವಿಯೂ ಸಾಂಗಲಿಯೂ ಒಂದೇ ಮುಂಬಯಿ ರಾಜ್ಯದಲ್ಲಿದ್ದುದರಿಂದ, ಬೆಳಗಾವಿ ಸೀಮೆಯ ಕಾಗವಾಡದಿಂದ ಹೊರಟು ಸಾಂಗಲಿ ಸೀಮೆಯ ಮಿರಜದಲ್ಲಿ ಉಂಡವನು ಸ್ವದೇಶದಲ್ಲೇ ಉಂಡಂತಾಗುತ್ತಿತ್ತು. ಅಂದಿನಿಂದೀಚೆಗೆ ತಾಟು ಅದೇ, ರೊಟ್ಟಿ ಅದೇ, ಆದರೂ ಉಣ್ಣುವವನು ಪರರಾಜ್ಯದ ಅತಿಥಿ. ಮೈಸೂರು ಸೀಮೆಯಿಂದ ಬಂದ ಈ ಪ್ರಬಂಧಕಾರನಿಗಂತೂ ಅಲ್ಲಿಯ ಚಹದ ಲೋಟವನ್ನು ಕಂಡ ಕ್ಷಣದಲ್ಲೇ ಪರದೇಶಪ್ರಾಪ್ತಿಯಾಯಿತು. ನಮ್ಮಲ್ಲಿ ಕಾಫಿ ಆರಿಸಲು ಇಡುವ ಬಟ್ಟಲಿನೊಳಗೆ ಸುಖವಾಗಿ ಸ್ನಾನ ಮಾಡಬಲ್ಲ ಆ ಲೋಟಕ್ಕೂ ‘ಹಾಫ್’ ಎಂಬ ಉಪಭೇದವುಂಟು. ಸಾಂಗಲಿಯ ಅರಿಸಿನದ ಪೇಟೆಯಲ್ಲಿ ಕ್ವಿಂಟಲುಗಟ್ಟಲೆ ಮಾಲನ್ನು ಕಣ್ಣು ಮಿಟುಕಿಸದೆ ಸವಾಲಿನಲ್ಲಿ ಹಿಡಿದ ವರ್ತಕಶ್ರೇಷ್ಠನೇ, ಹೊರಬಂದೊಡನೆ ಒಂದು ಚಹವನ್ನು ಎರಡು ಲೋಟಗಳಿಗೆ ಸುರಿಸಿ, ಎರಡೂ ಸಮನಾಗಿವೆಯೇ ಎಂದು ಬಗ್ಗಿ ನೋಡುವುದನ್ನು ಪ್ರತ್ಯಕ್ಷ ಕಂಡಿದ್ದೇನೆ.

ಈ ವಿಭಜನಪ್ರೀತಿಯ ಮೂಲವನ್ನು ರಾಜಕೀಯ ಚರಿತ್ರೆಯಲ್ಲಿ ಹುಡುಕುವುದು ವಿದ್ವತ್ಸಂಪ್ರದಾಯ. ಪಟವರ್ಧನ ಮನೆತನದ ಮಿರಜ ಸಂಸ್ಥಾನದಿಂದ ಚಿಂತಾಮಣರಾವ್ ಅಪ್ಪಾಸಾಹೇಬರು ತಮ್ಮ ಪಾಲನ್ನು ಪಡೆದು ಸಾಂಗಲಿಯಲ್ಲಿ ನೆಲೆಯೂರಿದರು. ಉಳಿದ ಮಿರಜವೂ 1820ರಲ್ಲಿ ಹಿರಿಯ, ಕಿರಿಯ ಎಂದು ಇಬ್ಭಾಗವಾಯಿತು. ಸಂಸ್ಥಾನವನ್ನೇ ಹೀಗೆ ಹಂಚಿಕೊಂಡ ನೆಲದಲ್ಲಿ ಒಂದು ಲೋಟ ಚಹ ಎಷ್ಟರದು!

ಆದರೆ ಮಿಸಳನ್ನು ತರಿಸಿದೊಡನೆ ಈ ಸಿದ್ಧಾಂತವು ಕುಸಿಯುತ್ತದೆ. ಮೊಳಕೆಯೊಡೆದ ಮಡಕೆಕಾಳಿನ ಉಸಳಿ, ಮೇಲೆ ಫರಸಾಣ, ಅದರ ಮೇಲೆ ಹೆಚ್ಚಿದ ಈರುಳ್ಳಿ, ಬದಿಯಲ್ಲಿ ನಿಂಬೆಯ ಹೋಳು, ಎಲ್ಲವನ್ನೂ ಮುಳುಗಿಸುವ ಕೆಂಪು ರಸ್ಸಾ: ನೋಡುವುದಕ್ಕೆ ಸಾಧಾರಣ ಬಟ್ಟಲು. ಜೊತೆಗೆ ಬ್ರೆಡ್ಡು, ಕೆಲವೆಡೆ ಪಾವು. ಬ್ರೆಡ್ಡು ತೀರಿದಾಗ ರಸ್ಸಾ ಉಳಿದಿರುವುದರಿಂದ ಬ್ರೆಡ್ಡನ್ನು ತರಿಸಬೇಕು. ಬ್ರೆಡ್ಡು ಉಳಿದಾಗ ರಸ್ಸಾ ತೀರಿರುವುದರಿಂದ ಮಾಣಿಯು ತಾನಾಗಿಯೇ ಬರುತ್ತಾನೆ. “ರಸ್ಸಾ ಹಾಕ್ಲೇನ್ರಿ, ಸಾಹೇಬ್ರ?” ಎಂದು ಶುದ್ಧ ಕನ್ನಡದಲ್ಲೇ ಕೇಳುವ ಅವನಿಗೆ “ಸಾಕಪ್ಪಾ” ಎಂಬ ಉತ್ತರವು ತಲುಪುವಷ್ಟರಲ್ಲಿ ಸೌಟು ಇಳಿದಿರುತ್ತದೆ. ಶೇಷವಿಲ್ಲದ ಭಾಗಾಕಾರವು ಇಲ್ಲಿ ಅಸಾಧ್ಯ. ಲೆಕ್ಕದ ಚೀಟಿಯಲ್ಲಿ ಬ್ರೆಡ್ಡಿನ ತುಂಡುಗಳು ನಿಷ್ಠುರವಾಗಿ ಎಣಿಕೆಯಾಗಿರುವುವು, ರಸ್ಸಾಕ್ಕೆ ಬಹುತೇಕ ಕಡೆ ಕಾಸಿಲ್ಲ. ಘನಕ್ಕೆ ಲೆಕ್ಕ, ದ್ರವಕ್ಕೆ ದಾಕ್ಷಿಣ್ಯವೆಂಬುದೇ ಸೂತ್ರ. ದ್ರವವಾಗಿಯೂ ಚಹವೇಕೆ ಲೆಕ್ಕಕ್ಕೆ ಸಿಕ್ಕಿತೆಂದು ಕೇಳುವ ತಾರ್ಕಿಕರಿಗೆ, ಅಪವಾದವಿಲ್ಲದ ಸೂತ್ರವನ್ನು ಯಾವ ವೈಯಾಕರಣನೂ ಗೌರವಿಸನೆಂದು ಹೇಳಿ ಮುಂದುವರಿಯುತ್ತೇನೆ.

ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು, ಯಾವ ಸಂಖ್ಯೆಯನ್ನೇ ಆಗಲಿ ಸೊನ್ನೆಯಿಂದ ಭಾಗಿಸಿದರೆ ಅದು ಮಾರ್ಪಡದೆ ಉಳಿಯುವುದೆಂದು ಬರೆದು, ಅನಂತರದವರಿಂದ ತಪ್ಪುಗಾರನೆನಿಸಿಕೊಂಡನಷ್ಟೆ, ಸೊನ್ನೆಯ ದಕ್ಷಿಣೆಗೆ ಎಷ್ಟು ಸಲ ಬಡಿಸಿದರೂ ಹಾಗೆಯೇ ಹಬೆಯಾಡುತ್ತಿರುವ ಮಿರಜದ ರಸ್ಸಾಪಾತ್ರೆಯು ಆ ಮಹಾನುಭಾವನ ಪಕ್ಷದ ಏಕೈಕ ಸಾಕ್ಷಿ.

ಈ ರಸ್ಸಾದಾಕ್ಷಿಣ್ಯಕ್ಕೊಂದು ಕನ್ನಡ ಕಾರಣವೂ ಇರಬಹುದು. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಬಂದು ಆಡಿದ ಆಟದಿಂದ ಪ್ರೇರಿತರಾಗಿ ವಿಷ್ಣುದಾಸ ಭಾವೆಯವರು ಮರುವರ್ಷ ‘ಸೀತಾಸ್ವಯಂವರ’ವನ್ನು ರಂಗಕ್ಕೇರಿಸಿದರೆಂಬುದು ಮರಾಠಿ ನಾಟ್ಯಚರಿತ್ರೆಯ ಮೊದಲ ಪುಟ. ಆ ಋಣವನ್ನೇ ಸಾಂಗಲಿಯವರು ಸೌಟು ಸೌಟಾಗಿ ತೀರಿಸುತ್ತಿರುವರೆಂಬ ಊಹೆಗೆ ನನ್ನಲ್ಲಿ ಆಧಾರವಿಲ್ಲ, ಅಭಿಮಾನವುಂಟು.

ಕೊನೆಯ ಪ್ರಕರಣ ಭಡಂಗ್. ಬೆಳ್ಳುಳ್ಳಿ, ಶೇಂಗಾ, ಖಾರ ಹಚ್ಚಿ ಹುರಿದ ಈ ಚುರುಮುರಿಯನ್ನು ತೂಕದಿಂದ ಮಾರುವುದು ಪರದೇಶಿಗಳಿಗೆ ಒಡ್ಡಿದ ಬಲೆ. ಸಕ್ಕರೆಯ ಅಭ್ಯಾಸದಿಂದ “ಒಂದು ಕಿಲೋ” ಎಂದ ನನ್ನ ಕೈಗೆ ಮದುವೆಮನೆಯ ದಿಂಬಿನಂಥ ಚೀಲವು ಬಂದಿತು. ರೈಲಿನಲ್ಲಿ ಅದು ಕಿಟಕಿಯ ಪಕ್ಕದ ಜಾಗವನ್ನು ಹಿಡಿಯಿತು, ನಾನು ಬಾಗಿಲ ಬಳಿ ನಿಂತೆ. ಕುಡಚಿಯಲ್ಲಿ ಹತ್ತಿದ ಅಜ್ಜಿಯೊಬ್ಬಳು, “ಇದು ಯಾರದರೀ, ಟಿಕೀಟು ತಗಸೀರೇನು?” ಎಂದು ವಿಚಾರಿಸಿ, ಉತ್ತರಕ್ಕೆ ಕಾಯದೆ ಗಂಟು ಬಿಚ್ಚಿ, ಸೆರಗಿನಲ್ಲಿ ತನ್ನ ಪಾಲನ್ನು ಹಾಕಿಕೊಂಡು, ಬರಿದಾದಷ್ಟು ಜಾಗದಲ್ಲಿ ಕುಳಿತಳು. ಘಟಪ್ರಭೆಯ ಹೊತ್ತಿಗೆ ನನಗೂ ಅರ್ಧ ಆಸನವು ದೊರೆಯಿತು.