ನವಾಗತ-ಚಯನ-ಮೀಮಾಂಸೆ (ಎಲೆಕ್ಟ್ರಾನಿಕ್ ಸಿಟಿ ಪಾಠ)

ಶಾಸ್ತ್ರಗ್ರಂಥ ಬರೆಯಲು ಕೂತ ಹಿರಿಯರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿ ಕೈತೊಳೆದುಕೊಳ್ಳುತ್ತಿದ್ದರು. ನಾವೂ ಹೇಳಿಬಿಡುತ್ತೇವೆ. ವಿಷಯ: ಆಡಿ ಮುಗಿದುಹೋದ ಟೆಸ್ಟ್ ಕ್ರಿಕೆಟ್ಟನ್ನು 1960ರಿಂದ ವರ್ಷವರ್ಷವಾಗಿ ಮತ್ತೆ ಆಡಿಸುವ ಎಂಟು ತಂಡಗಳ ಲೀಗಿನಲ್ಲಿ, ಆಯಾ ವರ್ಷ ಟೆಸ್ಟ್‌ಗೆ ಕಾಲಿಟ್ಟ ಹೊಸಬರನ್ನು ಹಂಚಿಕೊಳ್ಳುವ ಕ್ರಮ, ಅಂದರೆ ಡ್ರಾಫ್ಟ್. ಪ್ರಯೋಜನ: ಇಲ್ಲ. ಸಂಬಂಧ: ಆಫೀಸಿನ ಕೆಲಸಕ್ಕೂ ಇದಕ್ಕೂ ಯಾವುದೂ ಇಲ್ಲ, ಎರಡೂ ಎಕ್ಸೆಲ್‌ನಲ್ಲೇ ನಡೆಯುವುದರಿಂದ ಹಿಂದಿನಿಂದ ಹಾದುಹೋಗುವ ಮ್ಯಾನೇಜರಿಗೆ ವ್ಯತ್ಯಾಸ ತಿಳಿಯದು, ಅಷ್ಟೇ. ಅಧಿಕಾರಿ: ಏಳೂವರೆಯ ಕ್ಯಾಬ್ ತಪ್ಪಿದರೂ ಕಂಗೆಡದವನು, ಸ್ಕೋರ್‌ಕಾರ್ಡನ್ನು ಕಾದಂಬರಿಯ ಹಾಗೆ ಓದುವವನು, ಮದುವೆಯಾಗಿದ್ದರೆ ‘ಇವತ್ತು ರಿಲೀಸ್ ಇದೆ, ಲೇಟಾಗತ್ತೆ’ ಎಂದು ಮನೆಗೆ ಫೋನು ಮಾಡಿ ಮುಗಿಸಿದವನು.

ಈ ವಿದ್ಯೆ ಹುಟ್ಟಿದ್ದು ಅಮೆರಿಕದ ಬೇಸ್‌ಬಾಲ್ ಮನೆತನದಲ್ಲಿ. 1961ರಲ್ಲಿ ಹಾಲ್ ರಿಚ್‌ಮನ್ ಸ್ಟ್ರಾಟ್-ಒ-ಮ್ಯಾಟಿಕ್ ಎಂಬ ಆಟ ಹೊರತಂದ. ಆಟಗಾರನಿಗೊಂದು ಕಾರ್ಡು, ಕಾರ್ಡಿನಲ್ಲಿ ಅವನ ಆ ವರ್ಷದ ಸಾಧನೆಗೆ ತಕ್ಕ ಫಲ, ಫಲ ತೀರ್ಮಾನಿಸಲು ದಾಳ. ನಮ್ಮಲ್ಲಿ ಇದಕ್ಕೂ ಸರಳವಾದ ಸಂಪ್ರದಾಯವಿತ್ತು: ಬುಕ್ ಕ್ರಿಕೆಟ್. ಸಮಾಜ ಪಾಠದ ಪುಸ್ತಕ ತೆರೆ, ಎಡಪುಟದ ಕೊನೆಯ ಅಂಕಿ ನೋಡು. ಎಡಪುಟಕ್ಕೆ ಸರಿಸಂಖ್ಯೆಯೇ ಬರುವುದರಿಂದ ಅಂಕಿಗಳು ಐದೇ. ಸೊನ್ನೆ ಬಂದರೆ ಔಟ್. ಎಂಟು ಬಂದರೆ ಒಂದು ರನ್, ಪಾಠಾಂತರದಲ್ಲಿ ನೋಬಾಲ್. ಮೊದಲನೆಯ ಪಾಠ ಹಿಡಿದು ಲೆಕ್ಕ ಹಾಕಿದರೆ ಯಾರೇ ಬ್ಯಾಟ್ ಹಿಡಿಯಲಿ, ಸರಾಸರಿ 13. ನಿಜವಾದ ಟೆಸ್ಟ್‌ನಲ್ಲಿ ಗುಂಡಪ್ಪ ವಿಶ್ವನಾಥರದು 41.93, ಭಾಗವತ್ ಚಂದ್ರಶೇಖರರದು 4.07. ಪುಸ್ತಕದಲ್ಲಿ ಮಾತ್ರ ಇಬ್ಬರೂ ಹದಿಮೂರು. ಇಂಥ ಸಮಾನತೆಯನ್ನು ಸಂವಿಧಾನ ಓದಿಸುವ ಪುಸ್ತಕವೇ ಜಾರಿಗೆ ತಂದದ್ದು ಸಣ್ಣ ಮಾತಲ್ಲ.

ಈಗ ಸಮಸ್ಯೆಗೆ ಬರೋಣ. ನಿಜವಾದ ಡ್ರಾಫ್ಟ್‌ನಲ್ಲಿ ಆರಿಸುವವನಿಗೆ ಮುಂದಿನದು ಗೊತ್ತಿರುವುದಿಲ್ಲ. 1988ರ ಬೇಸ್‌ಬಾಲ್ ಡ್ರಾಫ್ಟ್‌ನಲ್ಲಿ ಮೈಕ್ ಪಿಯಾಝಾನನ್ನು ಕರೆದದ್ದು 62ನೇ ಸುತ್ತಿನಲ್ಲಿ. 2016ರಲ್ಲಿ ಅವನು ಹಾಲ್ ಆಫ್ ಫೇಮ್ ಸೇರಿದ. ನಮ್ಮ ಲೀಗಿನಲ್ಲೋ, ಹುಟ್ಟಿದಾಗಲೇ ಪೂರ್ತಿ ಜಾತಕ ಕೈಯಲ್ಲಿರುತ್ತದೆ. ಹಾಗಿದ್ದ ಮೇಲೆ ಆಯ್ಕೆ ಸುಲಭವಾಗಬೇಕಲ್ಲ ಎಂಬುದು ಪೂರ್ವಪಕ್ಷ. ಅನುಭವ ಬೇರೆ. ಹಗಲಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿಸಿ, ಹುಡುಗ ಶೂಗೆ ಪಾಲಿಶ್ ಹಾಕಿದ್ದಾನೆಯೇ ನೋಡಿ, ಫ್ರೆಷರನ್ನು ತೆಗೆದುಕೊಂಡು ಬರುವ ಈ ಮಹನೀಯರೇ ಸಂಜೆ, ನಿವೃತ್ತಿಯವರೆಗಿನ ಅಂಕಿಅಂಶ ಮುಂದಿದ್ದೂ, ಒಬ್ಬನನ್ನು ಆರಿಸಲು ಮುಕ್ಕಾಲು ಗಂಟೆ ತಿನ್ನುತ್ತಾರೆ.

1990ನ್ನೇ ನೋಡಿ. ಆ ವರ್ಷದ ಪಟ್ಟಿಯಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಕಾಲಿಟ್ಟ ಅನಿಲ್ ಕುಂಬ್ಳೆ, ಲಾಹೋರ್‌ನಲ್ಲಿ ಕಾಲಿಟ್ಟ ಬ್ರಯಾನ್ ಲಾರಾ ಇಬ್ಬರೂ ಇದ್ದಾರೆ. ಇಬ್ಬರಿಗೂ ಆ ವರ್ಷ ಒಂದೊಂದೇ ಟೆಸ್ಟ್. ಇಬ್ಬರೂ 1991 ಪೂರ್ತಿ ಹೊರಗೆ. ಇಬ್ಬರಿಗೂ ಎರಡನೆಯ ಟೆಸ್ಟ್ ಸಿಕ್ಕಿದ್ದು 1992ರಲ್ಲಿ. ವೈಟ್‌ಫೀಲ್ಡ್ ಪಂಥದವರು ಒಂದು ಫಾರ್ಮುಲಾ ಬರೆದು ಲಾರಾ ಎನ್ನುತ್ತಾರೆ. ಎಲೆಕ್ಟ್ರಾನಿಕ್ ಸಿಟಿ ಪಂಥದವರು ಫಾರ್ಮುಲಾ ನೋಡಿ ತಲೆದೂಗಿ, ಒಪ್ಪಿ, ಕುಂಬ್ಳೆ ಹೆಸರು ಬರೆಯುತ್ತಾರೆ. ಕಾರಣ ಕೇಳಿದರೆ “ಮೆಕ್ಯಾನಿಕಲ್ ಇಂಜಿನಿಯರ್ ಗುರು, ನಮ್ಮ ಆರ್.ವಿ.ಯವನು” ಎಂಬ ಉತ್ತರ. ಎಲ್ಲರಿಗೂ ಎಲ್ಲವೂ ಗೊತ್ತಿರುವ ಕಡೆ ತಿಳಿವಳಿಕೆಗೆ ಬೆಲೆಯಿಲ್ಲ. ಪಕ್ಷಪಾತವೊಂದೇ ಆರಿಸುವವನ ಸ್ವಂತ ಆಸ್ತಿ. ಇದು ನಮ್ಮ ಸಿದ್ಧಾಂತ.

ಆಕ್ಷೇಪ: ಹೆಸರು ಮರೆಮಾಡಿ ಬರೀ ಅಂಕಿ ತೋರಿಸಿದರೆ ಪಕ್ಷಪಾತ ಹೋದೀತಲ್ಲ? ಹಾಗೂ ಮಾಡಿ ನೋಡಬಹುದು. 1969ರ ಪಟ್ಟಿಯಲ್ಲಿ ಹೆಸರಿನ ಕಾಲಂಗೆ ಕಪ್ಪು ಬಳಿದು, ‘ಮೊದಲ ಟೆಸ್ಟ್: 0 ಮತ್ತು 137’ ಎಂದಿಟ್ಟು ನೋಡಿ. ಕಾನ್ಪುರ ಎಂದು ಹೇಳುವ ಮೊದಲೇ ಕ್ಯಾಂಟೀನಿನಲ್ಲಿ ದೋಸೆ ಹಾಕುತ್ತಿರುವವರೂ “ವಿಶಿ” ಎನ್ನುತ್ತಾರೆ. ‘58 ಟೆಸ್ಟ್, 242 ವಿಕೆಟ್, 167 ರನ್’ ಎಂದರಂತೂ ಕಪ್ಪು ಬಳಿದ ಶ್ರಮವೇ ವ್ಯರ್ಥ. ವಿಕೆಟ್ಟಿಗಿಂತ ರನ್ ಕಡಿಮೆಯಿರುವ ಈ ಲೆಕ್ಕ ಚಂದ್ರಶೇಖರರದೆಂದು ಯಾರಿಗೆ ಗೊತ್ತಿಲ್ಲ?

ಇನ್ನು ಸರದಿಯ ವಿಚಾರ. ಕಳೆದ ವರ್ಷ ಕೊನೆಗೆ ನಿಂತವನಿಗೆ ಮೊದಲ ಆಯ್ಕೆ ಎಂಬ ಧರ್ಮಸೂತ್ರ ಕೇಳಲು ಕರುಣೆಯಿಂದ ಕೂಡಿದೆ. ಆದರೆ 1989ರಲ್ಲಿ ಕರಾಚಿಯಲ್ಲಿ ಸಚಿನ್ ತೆಂಡೂಲ್ಕರ್ ಬರಲಿದ್ದಾನೆಂದು ಎಲ್ಲರಿಗೂ ಗೊತ್ತಿರುವಾಗ 1988ರ ಋತು ಹೇಗೆ ನಡೆದೀತು? ಎಂಟಕ್ಕೆ ಎಂಟೂ ತಂಡಗಳು ಸೋಲಲು ಹೊರಡುತ್ತವೆ. ಮೊದಲ ಟೆಸ್ಟ್‌ನಲ್ಲೇ 16 ವಿಕೆಟ್ ಕಿತ್ತ ನರೇಂದ್ರ ಹಿರ್ವಾನಿಯನ್ನು ಅದೇ ವರ್ಷ ಆರಿಸಿಕೊಂಡ ಮಾಲೀಕ ಅವನಿಗೆ ಚೆಂಡು ಕೊಡುವುದಿಲ್ಲ, ಓಪನಿಂಗ್ ಬ್ಯಾಟಿಂಗ್‌ಗೆ ಇಳಿಸುತ್ತಾನೆ. ವಿಕೆಟ್‌ಕೀಪರ್‌ಗಳು ಹೊಸ ಚೆಂಡು ಹಾಕುತ್ತಾರೆ. ಅತ್ಯಂತ ಕೆಟ್ಟ ಕ್ರಿಕೆಟ್ಟನ್ನು ಅತ್ಯಂತ ಶ್ರದ್ಧೆಯಿಂದ ಆಡಿದ ವರ್ಷ ಅದು. ಪರಿಹಾರ: ಕೊನೆಯ ನಾಲ್ವರ ಹೆಸರನ್ನು ಸ್ಟೀಲ್ ಲೋಟದಲ್ಲಿ ಹಾಕಿ ಚೀಟಿ ಎತ್ತುವುದು.

ಬೆಂಚಿನ ಪ್ರಕರಣವೂ ಉಂಟು. ಎರಪಳ್ಳಿ ಪ್ರಸನ್ನ 1962ರ ಜನವರಿಯಲ್ಲಿ ಮದ್ರಾಸಿನಲ್ಲಿ ಟೆಸ್ಟ್‌ಗೆ ಕಾಲಿಟ್ಟರು. ಆ ವರ್ಷ ಆಡಿದ ಮೇಲೆ ಇಂಜಿನಿಯರಿಂಗ್ ಓದಿಗೆ ಹಿಂದಿರುಗಿ, ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಮುಂದೆ ಒಟ್ಟು 189 ವಿಕೆಟ್. ಅವರನ್ನು ಆರಿಸಿದವನು ನಡುವಿನ ವರ್ಷಗಳುದ್ದಕ್ಕೂ ಒಂದು ಜಾಗ ಖಾಲಿ ಇಟ್ಟುಕೊಂಡು ಕಾಯಬೇಕು. ಡಿಗ್ರಿ ಮುಗಿಸಲು ಹೋದವನಿಗೆ ಇಷ್ಟು ವರ್ಷ ಸೀಟು ಕಾದಿಡುವ ಕಂಪನಿ ಹೊಸೂರು ರಸ್ತೆಯಲ್ಲಿ ಕಾಣೆ.

ದಾಳದ ಬಗ್ಗೆ ಪೀಣ್ಯ ಪಂಥದವರದೇ ಕೊನೆಯ ಮಾತು. ಕಂಪ್ಯೂಟರಿನ ರ‍್ಯಾಂಡಮ್ ನಂಬರನ್ನು ಅವರು ನಂಬುವುದಿಲ್ಲ: “ಪ್ರೋಗ್ರಾಮ್ ಬರೆದವನೂ ನೀವೇ, ತಂಡ ಇರೋದೂ ನಿಮ್ಮದೇ, ಹೆಂಗೆ ಸಾರ್ ನಂಬೋದು?” ಹಾಗಾಗಿ ಟೂಲ್ ರೂಮಿನ ಮೇಸ್ತ್ರಿ ಉಕ್ಕಿನ ತುಂಡನ್ನು ಮಿಲ್ಲಿಂಗ್ ಮಾಡಿ, ಗ್ರೈಂಡಿಂಗ್ ಹಾಕಿ, ಮೈಕ್ರೋಮೀಟರ್ ಹಿಡಿದು ಆರೂ ಮುಖ ಅಳೆದು ದಾಳ ತಂದ. ಚುಕ್ಕಿಗಳನ್ನು ಡ್ರಿಲ್‌ನಲ್ಲಿ ಕೊರೆದಿದ್ದ. ಅಲ್ಲೇ ಎಡವಟ್ಟು. ಆರರ ಮುಖದಲ್ಲಿ ಆರು ತೂತಿನಷ್ಟು ಉಕ್ಕು ಹೋಗಿದೆ, ಎದುರಿನ ಒಂದರ ಮುಖದಲ್ಲಿ ಒಂದೇ ತೂತಿನದು. ಹಗುರಾದ ಆರು ಮೇಲೆ ಬರುವುದು ತುಸು ಹೆಚ್ಚು. ಮೇಸ್ತ್ರಿ ದಾಳ ವಾಪಸ್ ಒಯ್ದು, ಒಂದರ ಚುಕ್ಕಿಯನ್ನು ಅಷ್ಟೇ ಆಳದಲ್ಲಿ ಸುಮಾರು ಎರಡೂವರೆ ಪಟ್ಟು ಅಗಲ ಮಾಡಿ ಲೆಕ್ಕ ಸರಿಹೊಂದಿಸಿದ. ಎರಡು–ಐದು, ಮೂರು–ನಾಲ್ಕಕ್ಕೂ ಬೇರೆಬೇರೆ ಡ್ರಿಲ್ ಬಿಟ್ ಹಾಕಿದ. ವೈಟ್‌ಫೀಲ್ಡಿನ ಫಾರ್ಮುಲಾಗಳಲ್ಲಿ ಇಷ್ಟು ಪ್ರಾಮಾಣಿಕವಾದದ್ದು ಒಂದೂ ಇಲ್ಲ.

ಉಳಿದದ್ದು ಕರುಣ್ ನಾಯರ್ ವ್ಯಾಜ್ಯ. 2016ರಲ್ಲಿ ಅವರ ಟೆಸ್ಟ್ ಇನಿಂಗ್ಸ್ ಮೂರೇ: 4, 13, ಚೆನ್ನೈನಲ್ಲಿ ಔಟಾಗದೆ 303. ವರ್ಷದ ಸರಾಸರಿ 160, ಬ್ರಾಡ್ಮನ್ನರ 99.94 ಎಲ್ಲೋ ಹಿಂದೆ. ಇಂಥ ಕಾರ್ಡಿಗೆ ಹೆದರಿಯೇ ‘ಎಷ್ಟು ಇನಿಂಗ್ಸ್ ಆಡಿದ್ದನೋ ಅಷ್ಟೇ ಆಡಿಸತಕ್ಕದ್ದು’ ಎಂಬ ನಿಯಮವಿರುವುದು. ಮಾಲೀಕ ಮೂರು ಇನಿಂಗ್ಸನ್ನೂ ಫೈನಲ್‌ಗೆ ಬಚ್ಚಿಟ್ಟ. ದಾಳ ಮೊದಲ ಚೆಂಡಿಗೇ ಬೌಲ್ಡ್ ಎಂದಿತು. ಮರುವರ್ಷ ಆಸ್ಟ್ರೇಲಿಯಾ ಎದುರಿನ ನಾಲ್ಕು ಇನಿಂಗ್ಸ್‌ನಲ್ಲಿ ಒಮ್ಮೆಯೂ ಮೂವತ್ತು ದಾಟದ ಕಾರ್ಡು ಬಂದಾಗ ಸಿಟ್ಟಿನಿಂದ ಕೈಬಿಟ್ಟ. ಇನ್ನೊಬ್ಬ ಎತ್ತಿಕೊಂಡು ಬೆಂಚಿನ ಮೇಲಿಟ್ಟ. 2025ರಲ್ಲಿ ಲೀಡ್ಸ್‌ನಲ್ಲಿ ಕರುಣ್ ಮತ್ತೆ ಕಣಕ್ಕಿಳಿದರು. ಇದು ಎಲ್ಲರಿಗೂ ಮೊದಲೇ ಗೊತ್ತಿತ್ತು, ಕೈಬಿಟ್ಟವನಿಗೂ. ಆದರೂ ಅವನು “ಸಿಟ್ಟಲ್ಲಿ ಬಿಟ್ಟಿದ್ದು ಲೆಕ್ಕಕ್ಕಿಲ್ಲ ಮಗಾ, ವಾಪಸ್ ಕೊಡು” ಎಂದು ದಾವೆ ಹೂಡಿದ. ಪಂಚಾಯ್ತಿ ಪೀಣ್ಯದ ಮೇಸ್ತ್ರಿಗೆ ಹೋಯಿತು. ತೀರ್ಪು: ಬೆಂಚಿನಲ್ಲಿ ಸಾಕಿದವನಿಗೇ ಆಟಗಾರ, ಫಿರ್ಯಾದಿ ಖರ್ಚಿನ ಬಾಬ್ತು ಎಂಟೂ ಜನಕ್ಕೆ ಮಸಾಲೆ ದೋಸೆ ಕೊಡಿಸತಕ್ಕದ್ದು, ಕಾಫಿ ಅವರವರದು.